ಅಮ್ಮ ಯಾಕೆ ಇಷ್ಟು ಸಿಡುಕುತ್ತಾಳೆ? ಚಂದ್ರಗುತ್ತಿಯಿಂದ ಒಬ್ಬ ತಾಯಿಯ ಮಾತು

(ಪಾಡ್‌ಕಾಸ್ಟ್‌ನ ಅಕ್ಷರರೂಪ)

ನಾನು ಸೊರಬ ತಾಲ್ಲೂಕಿನ ಚಂದ್ರಗುತ್ತಿಯವಳು. ವಯಸ್ಸು 48. ಮದುವೆಯಾಗಿ ಈ ಊರಿಗೆ ಬಂದು 23 ವರ್ಷ ಆಯ್ತು. ಮನೇಲಿ ಅತ್ತೆ, ನಮ್ಮನೆಯವರು, ಒಬ್ಬ ಮಗ, ಒಬ್ಬಳು ಮಗಳು. ಎರಡು ಎಕರೆ ಗದ್ದೆ, ಸ್ವಲ್ಪ ಅಡಿಕೆ, ಕೊಟ್ಟಿಗೆಯಲ್ಲಿ ಮೂರು ದನ. ಇಷ್ಟು ನನ್ನ ಪರಿಚಯ.

ನಿಮ್ಮಲ್ಲಿ ಬಹಳ ಜನ ನನ್ನ ಮಕ್ಕಳ ವಯಸ್ಸಿನವರು ಅಂತ ಗೊತ್ತು. ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲಿ ಕೂತು ಕೇಳ್ತಿರ್ತೀರಿ. ಅಕ್ಕಪಕ್ಕದವರಿಗೆ ಕೇಳ್ಸೋದಿಲ್ಲವಲ್ಲ, ಹಾಗಾಗಿ ಮುಜುಗರ ಪಟ್ಕೋಬೇಡಿ. ಇವತ್ತು ನಾನು ಮಾತಾಡೋದು ಮುಟ್ಟು ನಿಲ್ಲೋ ಕಾಲದ ಬಗ್ಗೆ. ಮುಟ್ಟು ಶುರುವಾಗೋದರ ಬಗ್ಗೆ ಈಗ ಶಾಲೆಯಲ್ಲೂ ಹೇಳಿಕೊಡ್ತಾರೆ, ಟಿವಿಯಲ್ಲಿ ಪ್ಯಾಡ್ ಜಾಹೀರಾತೂ ಬರ್ತದೆ. ನಿಲ್ಲೋದರ ಬಗ್ಗೆ ಯಾರು ಹೇಳ್ತಾರೆ?

ನನಗೆ ಹೇಳಿದವಳು ನನ್ನ ಮಗಳು. ಅದೂ ವಾಟ್ಸಾಪ್‌ನಲ್ಲಿ.

ಎರಡು ವರ್ಷದ ಹಿಂದಿನ ಮಾತು. ಅವಳಿಗೆ ದ್ವಿತೀಯ ಪಿಯುಸಿ ಪರೀಕ್ಷೆ ಹತ್ತಿರ ಬಂದಿತ್ತು. ರಾತ್ರಿ ಎರಡು ಗಂಟೆ ಹೊತ್ತಿಗೆ ನನಗೆ ಇದ್ದಕ್ಕಿದ್ದಂತೆ ಎಚ್ಚರ ಆಗ್ತಿತ್ತು. ಎದೆಯಿಂದ ಕುತ್ತಿಗೆ, ಮುಖದವರೆಗೆ ಒಲೆ ಮುಂದೆ ಕೂತಂಗೆ ಕಾವು. ಎರಡು ಮೂರು ನಿಮಿಷ, ಆಮೇಲೆ ಬೆವರು. ರವಿಕೆ ಹಿಂಡಿದ್ರೆ ನೀರು ಬರ್ಬೇಕು, ಹಾಗೆ. ಅದಾದ ಮೇಲೆ ಚಳಿ. ಮಾಘ ಮಾಸದ ಮಲೆನಾಡಿನ ಚಳಿಯಲ್ಲಿ ನಾನೊಬ್ಬಳೇ ಜಗಲಿಗೆ ಬಂದು ಸೆರಗಲ್ಲಿ ಗಾಳಿ ಹಾಕ್ಕೊಂಡು ಕೂರ್ತಿದ್ದೆ. ಒಂದು ರಾತ್ರಿ ಮಗಳು ಓದ್ತಾ ಇದ್ದವಳು ಎದ್ದು ಬಂದು, "ಅಮ್ಮ, ಏನಾಯ್ತು? ಹುಷಾರಿಲ್ವಾ?" ಅಂದ್ಲು. ಅಷ್ಟೇ ಅವಳು ಕೇಳಿದ್ದು. ನಾನು "ಓದೋ ಹೊತ್ತಲ್ಲಿ ಓದೋದು ಬಿಟ್ಟು ನನ್ನನ್ನು ಕಾಯೋಕೆ ಬಂದ್ಯಾ? ಎಲ್ಲಾರೂ ಸೇರಿ ನನ್ನನ್ನು ತಿಂದಾಕ್ತೀರಿ" ಅಂತ ಕೂಗಿಬಿಟ್ಟೆ. ಅತ್ತೆಗೂ ಎಚ್ಚರ ಆಯ್ತು. ಮಗಳು ಅಳ್ತಾ ಒಳಗೆ ಹೋದ್ಲು.

ಅರ್ಧ ಗಂಟೆ ಬಿಟ್ಟು ನನ್ನ ಫೋನ್ ಟಿಣ್ ಅಂತು. ಪಕ್ಕದ ಕೋಣೆಯಿಂದ ಅವಳೇ ಒಂದು ಲಿಂಕ್ ಕಳ್ಸಿದ್ಲು. ಕೆಳಗೆ ಬರೆದಿದ್ಲು: "ಅಮ್ಮ, ನಿಂಗೆ ಆಗ್ತಿರೋದು ಇದಾ ನೋಡು."

ಮೆನೋಪಾಸ್ ಅನ್ನೋ ಪದ ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ ಅಂತಲ್ಲ. ಆದ್ರೆ ಅದು ಒಂದು ದಿನ ಮುಟ್ಟು ನಿಂತು ಹೋಗೋದು, ಅಲ್ಲಿಗೆ ಪೀಡೆ ಕಳೀತು ಅಂದ್ಕೊಂಡಿದ್ದೆ. ಮುಟ್ಟು ನಿಲ್ಲೋಕೆ ಎಷ್ಟೋ ವರ್ಷ ಮುಂಚಿನಿಂದಲೇ ಮೈ ತಯಾರಿ ಶುರು ಮಾಡ್ತದೆ, ಅದಕ್ಕೆ ಪೆರಿಮೆನೋಪಾಸ್ ಅಂತ ಬೇರೆ ಹೆಸರಿದೆ ಅನ್ನೋದು ಗೊತ್ತಿರಲಿಲ್ಲ. ಅಂಡಾಶಯದಲ್ಲಿ ಈಸ್ಟ್ರೋಜನ್ ಹಾರ್ಮೋನು ಒಂದು ತಿಂಗಳು ಜಾಸ್ತಿ, ಒಂದು ತಿಂಗಳು ಕಮ್ಮಿ ಅಂತ ಏರುಪೇರಾಗ್ತದೆ. ಮಿದುಳಿನಲ್ಲಿ ಮೈ ಬಿಸಿಯನ್ನು ನೋಡ್ಕೊಳ್ಳೋ ಒಂದು ಜಾಗ ಇದೆ. ಅದಕ್ಕೆ ಲೆಕ್ಕ ತಪ್ಪಿ, ಸೆಖೆ ಇಲ್ಲದಿದ್ರೂ ಸೆಖೆ ಇದೆ ಅಂತ ಮೈಗೆ ಬೆವರೋಕೆ ಹೇಳ್ತದೆ. ನಿದ್ದೆ ಕೆಡ್ತದೆ. ನಿದ್ದೆ ಕೆಟ್ಟ ಮೇಲೆ ಸಿಟ್ಟು, ಮರೆವು, ಸುಮ್ಮಸುಮ್ಮನೆ ಅಳು. ಕೀಲು ನೋವು, ಎದೆ ಡವಡವ, ಉರಿಮೂತ್ರ, ಗಂಡನ ಜೊತೆ ಸೇರೋಕೆ ನೋವು, ಇವೂ ಅದರದ್ದೇ ನೆಂಟರು. ಸತತ 12 ತಿಂಗಳು ಮುಟ್ಟು ಬರದೇ ಇದ್ರೆ ಮಾತ್ರ ಮೆನೋಪಾಸ್ ಆಯ್ತು ಅಂತ ಡಾಕ್ಟರು ಲೆಕ್ಕ ಹಾಕೋದು. ಜಗತ್ತಿನಲ್ಲಿ ಹೆಚ್ಚಿನವರಿಗೆ ಇದು 45ರಿಂದ 55ರ ಒಳಗೆ ಆಗ್ತದೆ. ನಮ್ಮ ದೇಶದ ಹೆಂಗಸರಿಗೆ ಸರಾಸರಿ 46-47ಕ್ಕೇ.

ಈ ವಯಸ್ಸು ಯಾವುದು ನೋಡಿ. ಮಕ್ಕಳ ಎಸ್ಸೆಸ್ಸೆಲ್ಸಿ, ಪಿಯುಸಿ, ಕಾಲೇಜು ಸೀಟು, ಅತ್ತೆ ಮಾವನ ಮೊಣಕಾಲು ನೋವು, ಸೊಸೈಟಿ ಸಾಲದ ಕಂತು, ಎಲ್ಲ ಒಟ್ಟಿಗೇ ಬರೋ ವಯಸ್ಸು. ಮಗಳ ಮೈಯಲ್ಲಿ ಹಾರ್ಮೋನು ಏರೋ ಹೊತ್ತು, ಅಮ್ಮನ ಮೈಯಲ್ಲಿ ಇಳಿಯೋ ಹೊತ್ತು. ಒಂದೇ ಸೂರಿನಡಿ ಎರಡೂ. ನಮ್ಮನೆಯವರು ಆ ದಿನಗಳಲ್ಲಿ ಊಟ ಆದ ತಕ್ಷಣ ತೋಟಕ್ಕೆ ಹೋಗಿಬಿಡ್ತಿದ್ರು. ಅಲ್ಲಿ ಕೆಲಸ ಇತ್ತೋ ಇಲ್ಲವೋ ದೇವರಿಗೇ ಗೊತ್ತು.

ನಮ್ಮೂರಿನ ಹೆಸರು ಹೇಳಿದ್ರೆ ನಿಮ್ಮ ಅಪ್ಪ ಅಮ್ಮನಿಗೆ ಒಂದು ವಿಷಯ ನೆನಪಾಗಬಹುದು. ಗುಡ್ಡದ ಮೇಲೆ ರೇಣುಕಾಂಬೆಯ ಗುಹಾಲಯ ಇದೆ. 1986ರಲ್ಲಿ ಜಾತ್ರೆ ಹೊತ್ತಲ್ಲಿ ಬೆತ್ತಲೆ ಸೇವೆ ವಿಷಯಕ್ಕೆ ದೊಡ್ಡ ಗಲಾಟೆ ಆಯ್ತು, ಆಮೇಲೆ ಸರ್ಕಾರ ಅದನ್ನು ನಿಷೇಧ ಮಾಡ್ತು. ನಾನು ಆಗ ಎಂಟು ವರ್ಷದವಳು, ಬೇರೆ ಊರಲ್ಲಿದ್ದೆ. ಆದ್ರೂ ಮದುವೆಯಾಗಿ ಬಂದ ಮೇಲೆ, "ಓ, ಆ ಚಂದ್ರಗುತ್ತಿಯಾ" ಅಂತ ಕೇಳಿದವರು ಎಷ್ಟು ಜನ. ಹೆಣ್ಣಿನ ಮೈ ವಿಚಾರವಾಗಿ ಇಡೀ ರಾಜ್ಯದ ಪತ್ರಿಕೆಗಳು ಬರೆದ ಊರು ಇದು. ಅದೇ ಊರಲ್ಲಿ ನನ್ನ ಅತ್ತೆ ನನಗೆ, ನಾನು ನನ್ನ ಮಗಳಿಗೆ, ಮೈಗೆ ಏನಾಗ್ತದೆ ಅಂತ ಒಂದು ಮಾತು ಹೇಳಿರಲಿಲ್ಲ.

ಸರಿ, ಮುಂದಿನ ಕತೆಗೆ ಬರ್ತೀನಿ. ಇದನ್ನು ಹೇಳೋಕೆ ಅಂತಲೇ ನಾನು ಮೈಕ್ ಮುಂದೆ ಕೂತಿದ್ದು.

ಅದೇ ವರ್ಷ ನಾಟಿ ಹೊತ್ತಿಗೆ ಮುಟ್ಟು ವಿಪರೀತ ಆಯ್ತು. ಮೊದಲು ಐದು ದಿನಕ್ಕೆ ಮುಗೀತಿದ್ದದ್ದು ಹನ್ನೆರಡು ದಿನ, ಹದಿನೈದು ದಿನ. ಗಡ್ಡೆ ಗಡ್ಡೆಯಾಗಿ ಹೋಗೋದು. ಗದ್ದೆ ಕೆಸರಲ್ಲಿ ಬಗ್ಗಿ ನಿಂತಾಗ ಕಣ್ಣು ಕತ್ತಲೆ ಬಂದು ಸಸಿ ಕಟ್ಟಿನ ಮೇಲೇ ಕೂತುಬಿಟ್ಟೆ. ಆಳು ಹೆಂಗಸರೆಲ್ಲ "ಈ ವಯಸ್ಸಿಗೆ ಹೋಗೋದೇ ಹಾಗೆ, ಕೆಟ್ಟ ರಕ್ತ ಹೋಗ್ಲಿ ಬಿಡು" ಅಂದ್ರು. ಕೆಟ್ಟ ರಕ್ತ ಅಂತ ಬೇರೆ ಇರೋದಿಲ್ಲ, ಎಲ್ಲ ಒಂದೇ ರಕ್ತ. ಅದು ನನಗೆ ಆಮೇಲೆ ಗೊತ್ತಾಗಿದ್ದು.

ಪೇಟೆಯ ಒಂದು ಖಾಸಗಿ ಆಸ್ಪತ್ರೆಗೆ ಹೋದ್ವಿ. ಯಾವ ಊರು, ಯಾವ ಆಸ್ಪತ್ರೆ ಅನ್ನೋದು ಬೇಡ. ಸ್ಕ್ಯಾನ್ ಮಾಡಿದ್ರು. "ಗರ್ಭಕೋಶದಲ್ಲಿ ಗಡ್ಡೆ ಇದೆ. ಮಕ್ಕಳು ಆಗಿದಾವಲ್ಲ, ಇನ್ನು ಇಟ್ಕೊಂಡು ಏನು ಮಾಡ್ತೀರಿ? ತೆಗೆಸಿಬಿಡಿ. ಇಲ್ಲಾಂದ್ರೆ ಮುಂದೆ ಕ್ಯಾನ್ಸರ್ ಆಗಬಹುದು" ಅಂದ್ರು. ಐದು ನಿಮಿಷದ ಮಾತು. ದಿನಾಂಕವನ್ನೂ ಬರೆದುಕೊಟ್ರು. ಹೊರಗೆ ಬಂದು ನಮ್ಮನೆಯವರು ಅಡಿಕೆ ಮಂಡಿಗೆ ಫೋನ್ ಹಚ್ಚಿ ಮುಂಗಡ ಕೇಳಿದ್ರು. ಕ್ಯಾನ್ಸರ್ ಅನ್ನೋ ಪದ ಕೇಳಿದ ಮೇಲೆ ಯಾರಾದ್ರೂ ಹಿಂದೆ ಮುಂದೆ ನೋಡ್ತಾರಾ? ನನಗೂ ಒಳಗೊಳಗೆ ಸಮಾಧಾನವೇ ಆಗಿತ್ತು, ಸುಳ್ಳು ಯಾಕೆ ಹೇಳ್ಲಿ. ತೆಗೆಸಿದ್ರೆ ರಕ್ತ ನಿಲ್ತದೆ, ಉರಿ ನಿಲ್ತದೆ, ಎಲ್ಲ ಮುಗೀತದೆ ಅಂತ.

ತಡೆದವರು ನನ್ನ ಅತ್ತೆ. ನನ್ನ ಜೊತೆ ಸಾಸಿವೆ ಡಬ್ಬಿ ಎಲ್ಲಿಡಬೇಕು ಅನ್ನೋದಕ್ಕೂ ಜಗಳ ಆಡೋ ಅತ್ತೆ. ರಾತ್ರಿ ನನ್ನ ಹಾಸಿಗೆ ಹತ್ರ ಬಂದು ಕೂತು, "ನಂದು 34ಕ್ಕೇ ತೆಗೆಸಿದ್ರು ಕಣೆ" ಅಂದ್ರು. ಅಷ್ಟು ವರ್ಷ ಒಟ್ಟಿಗಿದ್ದೂ ನನಗದು ಗೊತ್ತಿರಲಿಲ್ಲ. "ಬಿಳಿ ಹೋಗ್ತದೆ ಅಂತ ತೋರ್ಸೋಕೆ ಹೋದದ್ದು. ಅಂಡಾಶಯನೂ ಸೇರ್ಸಿ ತೆಗೆದಿದ್ರಂತೆ, ನಂಗೆ ಯಾರೂ ಹೇಳ್ಲಿಲ್ಲ. ಆಮೇಲೆ ಮೈ ಉರೀತದೆ ಅಂದ್ರೆ ನಿನ್ನ ಮಾವ ದೆವ್ವ ಹಿಡಿದಿದೆ ಅಂತ ಕರ್ಕೊಂಡು ತಿರುಗಿದ್ರು. 50ಕ್ಕೇ ಸೊಂಟ ಹೋಯ್ತು. ನೀನು ಇನ್ನೊಂದು ಕಡೆ ತೋರ್ಸಿ ಬಾ."

ಅತ್ತೆ ಬೆನ್ನು ಬಗ್ಗಿದ್ದು ವಯಸ್ಸಿಗೆ ಅಂದ್ಕೊಂಡಿದ್ದೆ ನಾನು.

ಆಮೇಲೆ ಮಗಳು ಓದಿ ಹೇಳಿದ ಮೇಲೆ ಗೊತ್ತಾಯ್ತು, ನಮ್ಮ ಅತ್ತೆ ಒಬ್ಬರೇ ಅಲ್ಲ. 2015ರಲ್ಲಿ ಕಲಬುರಗಿ ಜಿಲ್ಲೆಯಲ್ಲಿ ತಾಂಡಾಗಳ ಲಂಬಾಣಿ ಹೆಂಗಸರಿಗೆ, ದಲಿತ ಕುಟುಂಬದ ಹೆಂಗಸರಿಗೆ ಹೀಗೇ ಹೊಟ್ಟೆನೋವು, ಬಿಳಿಮುಟ್ಟು ಅಂತ ಹೋದಾಗ ಗರ್ಭಕೋಶ ತೆಗೆದದ್ದು ಬಯಲಿಗೆ ಬಂತು. ಎರಡು ಸಾವಿರಕ್ಕೂ ಹೆಚ್ಚು ಜನ. ಅದರಲ್ಲಿ ಅರ್ಧಕ್ಕರ್ಧ 40 ಆಗದವರು. ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿ ಕಬ್ಬು ಕಡಿಯೋ ಹೆಂಗಸರದ್ದೂ ಇದೇ ಕತೆ: ಮುಟ್ಟಿಗೆ ರಜೆ ಹಾಕಿದ್ರೆ ಕೂಲಿ ಹೋಗ್ತದೆ, ದಂಡ ಬೀಳ್ತದೆ ಅಂತ. 2019ರಲ್ಲಿ ಅದು ಸುದ್ದಿಯಾಯ್ತು. 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು, ಅನಗತ್ಯವಾಗಿ ಗರ್ಭಕೋಶ ತೆಗೆಯೋದನ್ನು ತಡೆಯೋಕೆ ಕೇಂದ್ರ ಮಾಡಿದ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಜಾರಿ ಮಾಡಬೇಕು ಅಂತ ಆದೇಶ ಕೊಡ್ತು.

ಕೆಲವರಿಗೆ ತೆಗೆಸೋದು ನಿಜವಾಗ್ಲೂ ಬೇಕಾಗ್ತದೆ. ಕ್ಯಾನ್ಸರ್ ಇದ್ರೆ, ಗಡ್ಡೆ ದೊಡ್ಡದಿದ್ರೆ, ಯಾವ ಔಷಧಿಗೂ ರಕ್ತ ನಿಲ್ಲದಿದ್ರೆ ಬೇಕೇ ಬೇಕು. ನನ್ನ ಮಾತು ಕೇಳಿ ಬೇಡ ಅಂತ ಕೂರಬೇಡಿ. ಆದ್ರೆ ಅದು ಮೊದಲನೇ ಔಷಧಿ ಅಲ್ಲ.

ಶಿವಮೊಗ್ಗಕ್ಕೆ ಹೋದೆ. ಸರ್ಕಾರಿ ಬಸ್ಸಾದ್ರೆ ಹೆಂಗಸರಿಗೆ ಟಿಕೆಟ್ ಇಲ್ಲ, ಆದ್ರೆ ನಮ್ಮ ಕಡೆ ಖಾಸಗಿ ಬಸ್ಸೇ ಜಾಸ್ತಿ, ಕಾಯಬೇಕು. ಮಗಳು ಅಷ್ಟರಲ್ಲಿ ಶಿವಮೊಗ್ಗದ ಕಾಲೇಜಿಗೆ ಸೇರಿ ಹಾಸ್ಟೆಲ್‌ನಲ್ಲಿದ್ಲು, ಬಸ್ ಸ್ಟ್ಯಾಂಡಿಗೆ ಬಂದು ಕಾಯ್ತಾ ನಿಂತಿದ್ಲು. ಅವಳ ಕೈಯಲ್ಲಿ ಒಂದು ನೋಟ್ ಪುಸ್ತಕ. ಡಾಕ್ಟ್ರ ಹತ್ರ ಏನೇನು ಕೇಳಬೇಕು ಅಂತ ಬರ್ಕೊಂಡು ಬಂದಿದ್ಲು. ನಾನು ಅವಳನ್ನು ಎಲ್‌ಕೆಜಿಗೆ ಸೇರ್ಸೋಕೆ ಹೋದಾಗ ಹಿಂಗೇ ಚೀಟಿ ಹಿಡ್ಕೊಂಡು ಹೋಗಿದ್ದೆ.

ಡಾಕ್ಟ್ರಮ್ಮ ಕೂರ್ಸಿ ಕೇಳಿದ್ರು. ರಕ್ತ ಪರೀಕ್ಷೆ ಮಾಡ್ಸಿದ್ರು, ಹಿಮೋಗ್ಲೋಬಿನ್ 7.6 ಇತ್ತು. 12 ಇರಬೇಕಾದದ್ದು. "ನಿಮ್ಮ ಸುಸ್ತಿಗೆ, ಸಿಟ್ಟಿಗೆ ಅರ್ಧ ಕಾರಣ ಇದೇ ಕಣಮ್ಮ" ಅಂದ್ರು. ಥೈರಾಯ್ಡ್ ನೋಡಿದ್ರು, ಯಾಕಂದ್ರೆ ಥೈರಾಯ್ಡ್ ಏರುಪೇರಾದ್ರೂ ಇದೇ ಥರ ಆಗ್ತದಂತೆ. 45 ದಾಟಿ ಹೀಗೆ ಜಾಸ್ತಿ ಹೋಗ್ತಿದ್ರೆ ಗರ್ಭಕೋಶದ ಒಳಪದರದ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸ್ತಾರೆ, ಅದನ್ನೂ ಮಾಡಿದ್ರು. ವರದಿ ಬರೋವರೆಗಿನ ಹತ್ತು ದಿನ ನಾನು ಹೇಗಿದ್ದೆ ಅನ್ನೋದನ್ನು ಹೇಳೋಕಾಗೋದಿಲ್ಲ. ಅನ್ನ ಬಸಿಯೋವಾಗ, ಹಾಲು ಕರೆಯೋವಾಗ, ಮಗನ ಮದುವೆಗೆ ನಾನು ಇರ್ತೀನಾ ಅನ್ನೋದೊಂದೇ. ವರದಿ ಬಂತು. ಕ್ಯಾನ್ಸರ್ ಇರಲಿಲ್ಲ. ಗಡ್ಡೆ ಎರಡು ಸೆಂಟಿಮೀಟರ್ ಇತ್ತು. ಈ ಥರದ ಗಡ್ಡೆ ಮುಟ್ಟು ನಿಂತ ಮೇಲೆ ಸಾಮಾನ್ಯವಾಗಿ ತಾನೇ ಕುಗ್ತದಂತೆ.

ರಕ್ತ ಜಾಸ್ತಿ ಹೋಗೋ ದಿನಗಳಿಗೆ ಮಾತ್ರ ನುಂಗೋಕೆ ಒಂದು ಮಾತ್ರೆ ಕೊಟ್ರು, ಕಬ್ಬಿಣದ ಮಾತ್ರೆ ಕೊಟ್ರು. ಅದಕ್ಕೂ ನಿಲ್ಲದಿದ್ರೆ ಹಾರ್ಮೋನು ಇರೋ ಒಂದು ಕಾಪರ್-ಟಿ ಥರದ್ದನ್ನು ಒಳಗೆ ಹಾಕಬಹುದು ಅಂದ್ರು. ನನಗೆ ಮಾತ್ರೆಯಲ್ಲೇ ನಿಂತಿತು. ಆರು ತಿಂಗಳಿಗೆ ಹಿಮೋಗ್ಲೋಬಿನ್ 11 ದಾಟಿತು. ಅಡಿಕೆ ಮಂಡಿಯ ಮುಂಗಡ ತಗೊಳ್ಳಲಿಲ್ಲ.

ಮೈ ಉರಿಗೆ ಹಾರ್ಮೋನ್ ಚಿಕಿತ್ಸೆ ಇದೆ. ಅದರ ಬಗ್ಗೆ ಹೆದರಿಕೆ ಬಹಳ. 2002ರಲ್ಲಿ ಅಮೆರಿಕದ ಒಂದು ದೊಡ್ಡ ಅಧ್ಯಯನವನ್ನು ಸ್ತನ ಕ್ಯಾನ್ಸರ್, ಹೃದಯದ ತೊಂದರೆ ಕಾಣ್ತು ಅಂತ ಅರ್ಧಕ್ಕೇ ನಿಲ್ಲಿಸಿದ್ರು, ಅಲ್ಲಿಂದ ಜಗತ್ತೇ ಹೆದರ್ತು. ಅದರಲ್ಲಿದ್ದ ಹೆಂಗಸರ ಸರಾಸರಿ ವಯಸ್ಸು 63, ಅಂದ್ರೆ ಮುಟ್ಟು ನಿಂತು ಎಷ್ಟೋ ವರ್ಷ ಆದವರು. ಈಗ ಡಾಕ್ಟರು ಹೇಳೋದು, 60ರ ಒಳಗಿದ್ದು, ಮುಟ್ಟು ನಿಂತು ಹತ್ತು ವರ್ಷ ಆಗಿರದೇ ಇದ್ದು, ತೊಂದರೆ ಜಾಸ್ತಿ ಇದ್ರೆ, ಬಹಳ ಜನರಿಗೆ ಅದರಿಂದ ಅಪಾಯಕ್ಕಿಂತ ಉಪಯೋಗವೇ ಹೆಚ್ಚು ಅಂತ. ಸ್ತನ ಕ್ಯಾನ್ಸರ್ ಆಗಿದ್ದವರಿಗೆ, ರಕ್ತ ಹೆಪ್ಪುಗಟ್ಟೋ ಕಾಯಿಲೆ ಇರೋರಿಗೆ ಕೊಡೋದಿಲ್ಲ. ನನಗೆ ಬಿ.ಪಿ. ಇತ್ತು, ಮೊದಲು ಅದು ಹತೋಟಿಗೆ ಬರಲಿ ಅಂದ್ರು. ಬಂತು, ಅಷ್ಟರಲ್ಲಿ ಉರಿಯೂ ಸ್ವಲ್ಪ ಕಮ್ಮಿಯಾಗಿತ್ತು, ಬಿಟ್ಟೆ. ನನ್ನ ತಂಗಿ ತಗೊಳ್ತಾ ಇದ್ದಾಳೆ, ಆರಾಮಾಗಿದ್ದಾಳೆ. ಇದು ಅವರವರ ಮೈ ನೋಡಿ ಡಾಕ್ಟರು ಹೇಳಬೇಕಾದದ್ದು. ಮೆಡಿಕಲ್ ಶಾಪಲ್ಲಿ ಕೇಳಿ ತಗೊಳ್ಳೋದಲ್ಲ.

ಮನೆ ಮಟ್ಟಿಗೆ ನಾನು ಮಾಡಿದ್ದು ದೊಡ್ಡದೇನಲ್ಲ. ಸಂಜೆ ಮೇಲೆ ಚಹಾ ಬಿಟ್ಟೆ, ನಿದ್ದೆಗೆ ಅದು ಒಳ್ಳೇದಾಯ್ತು. ನಾವು ಮೂರು ಹೊತ್ತೂ ಅಕ್ಕಿಯವರು, ಕಡುಬು, ರೊಟ್ಟಿ, ಅನ್ನ. ಅದರಲ್ಲಿ ಒಂದು ಹೊತ್ತು ರಾಗಿ ಮಾಡಿದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶ ಇರ್ತದೆ, ಅಕ್ಕಿಯಲ್ಲಿ ಅದು ಇಲ್ಲವೇ ಇಲ್ಲ ಅನ್ನಬೇಕು. ಮುಟ್ಟು ನಿಂತ ಮೊದಲ ಐದಾರು ವರ್ಷ ಮೂಳೆ ಬೇಗ ಬೇಗ ಸವೀತದೆ, ಅತ್ತೆ ಸೊಂಟ ಕಣ್ಣೆದುರೇ ಇದೆಯಲ್ಲ. ಒಂದೆಲಗದ ತಂಬುಳಿ, ಮುರುಗಲು ಪಾನಕ ಕುಡಿದ್ರೆ ಮೈ ತಣ್ಣಗಾಗ್ತದೆ ಅಂತ ಎಲ್ಲರೂ ಹೇಳಿದ್ರು. ಕುಡಿದೆ. ರುಚಿಯಾಗಿತ್ತು. ಉರಿ ಬರೋ ಹೊತ್ತಿಗೆ ಬಂದೇ ಬಂತು.

ಈಗ ಭೂಮಿ ಹುಣ್ಣಿಮೆ ರಾತ್ರಿಯ ವಿಷಯ ಹೇಳ್ಬೇಕು. ಬೇರೆ ಕಡೆಯವರಿಗೆ ಸೀಗೆ ಹುಣ್ಣಿಮೆ. ಪೈರು ಹೊಡೆ ಕಟ್ಟಿರ್ತದೆ, ಗದ್ದೆ ಬಸುರಿ ಅಂತ ನಾವು ಭೂಮಿತಾಯಿಗೆ ಬಯಕೆ ಊಟ ಬಡಿಸ್ತೀವಿ. ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿ ಹಿಟ್ಟಲ್ಲಿ ಚಿತ್ತಾರ ಬರೀತೀವಿ. ರಾತ್ರಿಯಿಡೀ ಅಡುಗೆ, ನೂರೊಂದು ಬಗೆಯ ಸೊಪ್ಪಿನ ಕುಡಿ ಸೇರ್ಸಿ ಬೇಯ್ಸೋದು, ಕಡುಬು, ಬೆಳಕು ಹರಿಯೋಕೆ ಮುಂಚೆ ಗಂಡಸರು ಬುಟ್ಟಿ ಹೊತ್ಕೊಂಡು ಗದ್ದೆಗೆ ಹೋಗೋದು. ಆ ವರ್ಷ ನಮ್ಮ ಅಡುಗೆಮನೆಯಲ್ಲಿ ನಾವು ನಾಲ್ಕು ಜನ ವಾರಗಿತ್ತಿಯರು, ನಾದಿನಿಯರು. ಒಲೆ ಮುಂದೆ ನನಗೆ ಉರಿ ಶುರುವಾಯ್ತು. ಹಾಳೆ ಬೀಸಣಿಗೆ ತಗೊಂಡು ಬೀಸ್ಕೊಳ್ತಾ ಇದ್ರೆ, ದೊಡ್ಡ ನಾದಿನಿ "ಇಲ್ಲಿ ಕೊಡೆ ಅದನ್ನ" ಅಂತ ಕಿತ್ಕೊಂಡ್ಲು. ಅವಳಿಂದ ಇನ್ನೊಬ್ಬಳು. ಆಮೇಲೆ ನಾಲ್ಕೂ ಜನ ನಗೋಕೆ ಶುರು ಮಾಡಿದ್ವಿ. ಒಬ್ಬಳು ಆರು ತಿಂಗಳಿಂದ ನಿದ್ದೆ ಇಲ್ಲ ಅಂದ್ಲು. ಒಬ್ಬಳು ಹಿತ್ತಲಿಗೆ ಹೋಗಿ ಅಳ್ತೀನಿ, ಯಾಕೆ ಅಂತ ಗೊತ್ತಿಲ್ಲ ಅಂದ್ಲು. ನಾದಿನಿ, ಮುಟ್ಟು ನಿಂತು ಮೂರು ವರ್ಷ ಆಗಿತ್ತು, ಮೊನ್ನೆ ಮತ್ತೆ ಸ್ವಲ್ಪ ಕಾಣಿಸ್ಕೊಂಡ್ತು, ಮತ್ತೆ ಹರೆಯ ಬಂತು ಅಂತ ತಮಾಷೆ ಮಾಡಿದ್ಲು. ನನಗೆ ನಗು ನಿಂತುಹೋಯ್ತು. ಒಂದು ವರ್ಷ ಪೂರ್ತಿ ನಿಂತ ಮೇಲೆ ಒಂದು ಹನಿ ಕಂಡ್ರೂ ತೋರಿಸ್ಲೇಬೇಕು ಅಂತ ಡಾಕ್ಟ್ರಮ್ಮ ಹೇಳಿದ್ದು ನೆನಪಿತ್ತು. ಹಬ್ಬ ಕಳೆದ ಮಾರನೇ ದಿನವೇ ಅವಳನ್ನು ಕರ್ಕೊಂಡು ಹೋದೆ. ಸಣ್ಣ ಪಾಲಿಪ್ ಇತ್ತಂತೆ, ತೆಗೆದ್ರು. ಈಗ ಆರಾಮಾಗಿದ್ದಾಳೆ.

ಹೋದ ವರ್ಷ ಅಕ್ಟೋಬರ್‌ನಲ್ಲಿ, 2025ರಲ್ಲಿ, ನಮ್ಮ ರಾಜ್ಯದ ಸಂಪುಟ ಕೆಲಸಕ್ಕೆ ಹೋಗೋ ಹೆಂಗಸರಿಗೆ ತಿಂಗಳಿಗೊಂದು ದಿನ ಮುಟ್ಟಿನ ರಜೆಗೆ ಒಪ್ಪಿಗೆ ಕೊಡ್ತು. ಒಳ್ಳೇದೇ. ಟಿವಿಯಲ್ಲಿ ಸುದ್ದಿ ನೋಡ್ತಾ ಅತ್ತೆ ಕೇಳಿದ್ರು, "ನಿಲ್ಲೋರಿಗೆ ಏನು ಕೊಡ್ತಾರಂತೆ?" ಕೊಟ್ಟಿಗೆಗೆ ರಜೆ ಕೊಡೋರು ಯಾರು ಅಂತ ನಾನು ಅಂದೆ. ಆದ್ರೆ ಮಾರನೇ ದಿನ ಬೆಳಗ್ಗೆ ನಮ್ಮನೆಯವರು ಎದ್ದು ಹಾಲು ಕರೆಯೋಕೆ ಹೋದ್ರು. ಮಾತಿಲ್ಲ ಕತೆಯಿಲ್ಲ. ನಾನು ರಾತ್ರಿ ನಿದ್ದೆಗೆಟ್ಟದ್ದು ಅವರಿಗೆ ಗೊತ್ತಾಗ್ತದೆ ಅಂತ ನನಗೆ ಗೊತ್ತಿರಲಿಲ್ಲ. ಇನ್ನೊಂದು ವಿಷಯ ಗಂಡಸರೂ ಕೇಳ್ಕೊಳ್ಳಿ: ಹೆಂಡತಿ ಹತ್ರ ಬಂದ್ರೆ ಮುಖ ತಿರುಗಿಸ್ತಾಳೆ ಅಂದ್ರೆ ಪ್ರೀತಿ ಹೋಗಿದೆ ಅಂತಲ್ಲ, ಆ ಜಾಗ ಒಣಗಿ ನೋವಾಗ್ತಿರಬಹುದು. ಅದಕ್ಕೂ ಮುಲಾಮು ಇದೆ. ನಾವು ಅದನ್ನು ಮಾತಾಡೋಕೆ ಎಂಟು ತಿಂಗಳು ತಗೊಂಡ್ವಿ.

ಮಗಳ ಹತ್ರ ಕ್ಷಮೆ ಕೇಳಿದ್ನಾ ಅಂತ ಕೇಳ್ತೀರೇನೋ. ಬಾಯಿಬಿಟ್ಟು ಕೇಳಿಲ್ಲ. ಶಿವಮೊಗ್ಗಕ್ಕೆ ಹೋದ ದಿನ, ಬಸ್ ಸ್ಟ್ಯಾಂಡ್ ಹೋಟೆಲಲ್ಲಿ ದೋಸೆ ತಿನ್ನುವಾಗ, "ಆವತ್ತು ರಾತ್ರಿ ಕೂಗಿದ್ದು ನಿನ್ನ ಮೇಲಿನ ಸಿಟ್ಟಿಗಲ್ಲ" ಅಂದೆ. "ಗೊತ್ತು ಬಿಡಮ್ಮ, ಆದ್ರೆ ಕೆಲವು ಸಲ ನೀನು ನನ್ನ ಮೇಲೂ ಸಿಟ್ಟು ಮಾಡ್ಕೊಳ್ತಿ, ಎಲ್ಲಾನೂ ಹಾರ್ಮೋನ್ ತಲೆಗೆ ಕಟ್ಟಬೇಡ" ಅಂದ್ಲು. ಅದೂ ನಿಜ.

ಅಮ್ಮನಿಗೆ ಹೀಗೆಲ್ಲ ಆಗ್ತಿದ್ರೆ ನೀವು ಏನು ಮಾಡಬಹುದು ಅಂದ್ರೆ, ಮೊದಲು ಕೊನೇ ಮುಟ್ಟು ಯಾವಾಗ ಬಂತು, ಎಷ್ಟು ದಿನ ಹೋಯ್ತು ಅಂತ ಬರೆದಿಡಿ, ಡಾಕ್ಟರು ಮೊದಲು ಕೇಳೋದು ಅದನ್ನೇ. ಎರಡು ವಾರಕ್ಕಿಂತ ಹೆಚ್ಚು ದಿನ ಯಾವುದರಲ್ಲೂ ಮನಸ್ಸಿಲ್ಲ, ಬದುಕೋದೇ ಬೇಡ ಅನ್ನೋ ಮಾತು ಬಂದ್ರೆ ಅದನ್ನು ವಯಸ್ಸು ಅಂತ ತಳ್ಳಿಹಾಕಬೇಡಿ. ಟೆಲಿ ಮನಸ್ ಅಂತ ಸರ್ಕಾರದ ಸಹಾಯವಾಣಿ ಇದೆ, 14416, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ.

ನನ್ನ ಲೆಕ್ಕ ಇಟ್ಟಿರೋದು ಮಗಳ ಫೋನಲ್ಲಿ. ಅವಳ ಮುಟ್ಟಿನ ದಿನಾಂಕ ಬರೆಯೋ ಆ್ಯಪ್ ಇದೆಯಲ್ಲ, ಅದರಲ್ಲೇ ಕೆಳಗೆ ಟಿಪ್ಪಣಿ ಜಾಗದಲ್ಲಿ ನಂದೂ ಹಾಕಿದ್ದಾಳೆ. ಹತ್ತು ತಿಂಗಳು ಬಂದಿರಲಿಲ್ಲ. ಇನ್ನೆರಡು ತಿಂಗಳು ಆದ್ರೆ ಮುಗೀತು, ಶಿವಮೊಗ್ಗದಲ್ಲಿ ಐಸ್‌ಕ್ರೀಮ್ ಕೊಡಿಸ್ತೀನಿ ಅಂದಿದ್ಲು. ಹೋದ ಮಂಗಳವಾರ ಮತ್ತೆ ಬಂತು. ವರ್ಷ ತುಂಬಿರಲಿಲ್ಲ, ಹಾಗಾಗಿ ಗಾಬರಿ ಏನಿಲ್ಲ. ಅವಳಿಗೆ ಮೆಸೇಜ್ ಹಾಕಿದೆ. ಕಣ್ಣಲ್ಲಿ ನೀರು ಬರೋ ಹಾಗೆ ನಗೋ ಎಮೋಜಿ ಕಳ್ಸಿ, "ಸರಿ, ಮತ್ತೆ ಒಂದರಿಂದ" ಅಂದ್ಲು.

ಡೈರಿಗೆ ಹಾಲು ಕೊಡೋ ಹೊತ್ತಾಯ್ತು. ಬರ್ತೀನಿ, ನಮಸ್ಕಾರ.